ಟೋನಿ ಗೆದ್ದ ಅಭಿನಯಕ್ಕೆ ತೆರೆಯ ಮೇಲೆ ಜಾಗವೆಲ್ಲಿ?

ರಂಗಾಸಕ್ತೆ, ನ್ಯೂಜೆರ್ಸಿ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಬ್ರಾಡ್‌ವೇಯ, ಅಂದರೆ ನ್ಯೂಯಾರ್ಕಿನ ದೊಡ್ಡ ವೃತ್ತಿಪರ ರಂಗಮಂದಿರಗಳ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳು ಪ್ರಕಟವಾದಾಗ ನಮ್ಮ ಚರ್ಚೆಯೆಲ್ಲ ಯಾರಿಗೆ ಬಂತು, ಯಾರಿಗೆ ತಪ್ಪಿತು ಎಂಬುದರ ಸುತ್ತಲೇ ನಡೆಯುತ್ತದೆ. ಈ ಬಾರಿ ಬೇರೊಂದು ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದಿಡಬೇಕೆನಿಸಿದೆ. ಆ ವರ್ಷದ ಬ್ರಾಡ್‌ವೇಯ ಅತ್ಯುತ್ತಮ ಅಭಿನಯವೆಂದು 800ಕ್ಕೂ ಹೆಚ್ಚು ಮತದಾರರು ಆರಿಸಿದ ಅಭಿನಯವು, ಪ್ರದರ್ಶನಗಳು ಮುಗಿದು ರಂಗಸಜ್ಜಿಕೆ ಕಳಚಿದ ಮೇಲೆ ಎಲ್ಲಿ ಉಳಿಯುತ್ತದೆ? ನಾಟಕ ಸಿನಿಮಾ ಆದರೆ ಎಲ್ಲವೂ ಉಳಿದಂತೆಯೇ ಎಂದು ಬಹಳ ಜನ ನಂಬಿದ್ದಾರೆ. ನನ್ನ ದೃಷ್ಟಿಯಲ್ಲಿ ಸಿನಿಮಾ ಉಳಿಸುವುದು ನಾಟಕವನ್ನು, ಅಭಿನಯವನ್ನಲ್ಲ. ರಂಗದ ನಟನಟಿಯರನ್ನು ಗುರುತಿಸಿ ಅವರಿಗೆ ಪಾತ್ರ ಕೊಟ್ಟು, ಅವರ ಕಲೆಯನ್ನು ಮನೆಮನೆಗೆ ತಲುಪಿಸಿದ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ಮಾಡಿರುವುದು ಕಿರುತೆರೆ.

‘ಡೌಟ್’ ನಾಟಕವನ್ನೇ ನೋಡಿ. ಕ್ಯಾಥೊಲಿಕ್ ಶಾಲೆಯೊಂದರ ಕಟ್ಟುನಿಟ್ಟಿನ ಮುಖ್ಯಸ್ಥೆಯೊಬ್ಬರು ಪಾದ್ರಿಯ ಮೇಲೆ ಅನುಮಾನಪಟ್ಟು, ಕೈಯಲ್ಲಿ ಸಾಕ್ಷ್ಯವಿಲ್ಲದೆಯೇ ಅವರ ಬೆನ್ನು ಹತ್ತುವ ಕಥೆ ಅದು. ಆ ಪಾತ್ರಕ್ಕಾಗಿ ಚೆರ್ರಿ ಜೋನ್ಸ್ 2005ರಲ್ಲಿ ಟೋನಿ ಪಡೆದರು. ನಾಟಕಕಾರ ಜಾನ್ ಪ್ಯಾಟ್ರಿಕ್ ಶಾನ್ಲಿ ಅವರೇ 2008ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಪಾತ್ರ ಮೆರಿಲ್ ಸ್ಟ್ರೀಪ್ ಅವರ ಪಾಲಾಯಿತು. ಅದೇ 2008ರಲ್ಲಿ ‘ಆಗಸ್ಟ್: ಓಸೇಜ್ ಕೌಂಟಿ’ಯ ತಾಯಿಯ ಪಾತ್ರಕ್ಕಾಗಿ ಡಿಯಾನಾ ಡನಗನ್ ಟೋನಿ ಪಡೆದರು, 2013ರ ಸಿನಿಮಾದಲ್ಲಿ ಆ ಪಾತ್ರವನ್ನೂ ಮಾಡಿದವರು ಸ್ಟ್ರೀಪ್ ಅವರೇ. ಎರಡಕ್ಕೂ ಅವರಿಗೆ ಆಸ್ಕರ್ ನಾಮನಿರ್ದೇಶನ ಬಂತು. ಸ್ಟ್ರೀಪ್ ಅವರ ಪ್ರತಿಭೆಯ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಆದರೆ ತಿಂಗಳುಗಟ್ಟಲೆ, ವಾರಕ್ಕೆ ಎಂಟು ಪ್ರದರ್ಶನಗಳಂತೆ ಆ ಪಾತ್ರವನ್ನು ಉಸಿರಾಡಿದ ಇಬ್ಬರು ಕಲಾವಿದೆಯರ ಕೆಲಸ ಇಂದು ನೋಡುಗರಿಗೆ ಸಿಗದೆ ಹೋಗಿರುವುದು ದೊಡ್ಡ ನಷ್ಟವಲ್ಲವೇ?

ಇದು ಹೊಸ ರೋಗವೂ ಅಲ್ಲ. ‘ಮೇಮ್’ ಸಂಗೀತ ನಾಟಕಕ್ಕಾಗಿ ಏಂಜೆಲಾ ಲ್ಯಾನ್ಸ್‌ಬರಿ 1966ರಲ್ಲಿ ಟೋನಿ ಪಡೆದರು; 1974ರ ಸಿನಿಮಾಕ್ಕೆ ಲೂಸಿಲ್ ಬಾಲ್ ಅವರನ್ನು ಆರಿಸಲಾಯಿತು. ಸ್ಪರ್ಧೆಯಲ್ಲಿ ಒಟ್ಟು ಐದು ಟೋನಿ ಗೆದ್ದ ಲ್ಯಾನ್ಸ್‌ಬರಿ ಅವರನ್ನು ಅಮೆರಿಕದ ಪ್ರತಿ ಮನೆಯವರೂ ತಮ್ಮವರೆಂದುಕೊಂಡದ್ದು 1984ರಿಂದ 1996ರವರೆಗೆ ಪ್ರಸಾರವಾದ ‘ಮರ್ಡರ್, ಶಿ ರೋಟ್’ ಧಾರಾವಾಹಿಯಿಂದ. ‘ಮೈ ಫೇರ್ ಲೇಡಿ’ಯ ನಾಯಕಿಯ ಪಾತ್ರವನ್ನು ಬ್ರಾಡ್‌ವೇಯಲ್ಲಿ ಮಾಡಿದ್ದ ಜೂಲಿ ಆಂಡ್ರ್ಯೂಸ್ ಅವರನ್ನು ಅದರ ಸಿನಿಮಾದಿಂದ ಕೈಬಿಟ್ಟ ಕಥೆ ಎಲ್ಲರಿಗೂ ಗೊತ್ತಿದೆ, ಮತ್ತೆ ಹೇಳುವುದಿಲ್ಲ. ಆದರೆ ಆ ಸಿನಿಮಾಕ್ಕಿಂತ ಏಳು ವರ್ಷ ಮುಂಚೆಯೇ, 1957ರಲ್ಲಿ, ಸಿಬಿಎಸ್ ವಾಹಿನಿ ಅವರನ್ನು ‘ಸಿಂಡರೆಲಾ’ ಆಗಿ ನೇರ ಪ್ರಸಾರದಲ್ಲಿ ತೋರಿಸಿತ್ತು ಮತ್ತು 10 ಕೋಟಿಗೂ ಹೆಚ್ಚು ಜನ ಅದನ್ನು ನೋಡಿದ್ದರು ಎಂಬುದನ್ನು ಯಾರೂ ನೆನೆಯುವುದಿಲ್ಲ.

ಚೆರ್ರಿ ಜೋನ್ಸ್ ಅವರಿಗೂ ಕೈ ಹಿಡಿದದ್ದು ಕಿರುತೆರೆಯೇ. ‘24’ ಧಾರಾವಾಹಿಯಲ್ಲಿ ಅಮೆರಿಕದ ಅಧ್ಯಕ್ಷೆಯ ಪಾತ್ರಕ್ಕಾಗಿ 2009ರಲ್ಲಿ ಅವರಿಗೆ ಕಿರುತೆರೆಯ ಎಮ್ಮಿ ಪ್ರಶಸ್ತಿ ಬಂತು. ಎಚ್‌ಬಿಒ ವಾಹಿನಿಯ ‘ದಿ ಗಿಲ್ಡೆಡ್ ಏಜ್’ ನೋಡಿದವರಿಗೆ ನಾನು ಹೇಳುವುದು ಇನ್ನೂ ಸ್ಪಷ್ಟವಾದೀತು. ಆಡ್ರಾ ಮೆಕ್‌ಡೊನಾಲ್ಡ್, ಕ್ರಿಸ್ಟೀನ್ ಬರಾನ್ಸ್ಕಿ, ಸಿಂಥಿಯಾ ನಿಕ್ಸನ್, ಕೆಲ್ಲಿ ಒಹಾರಾ, ಡೊನ್ನಾ ಮರ್ಫಿ, ನೇಥನ್ ಲೇನ್ ಎಲ್ಲರೂ ಒಂದೇ ಧಾರಾವಾಹಿಯಲ್ಲಿದ್ದಾರೆ; ಎಲ್ಲರೂ ಟೋನಿ ವಿಜೇತರು. ಒಂದು ಚಹಾಕೂಟದ ದೃಶ್ಯದಲ್ಲಿ ಬರಾನ್ಸ್ಕಿ ಮಾತನ್ನು ಅರ್ಧಕ್ಕೆ ತಡೆದು, ಎದುರಿಗಿದ್ದವರನ್ನು ಒಮ್ಮೆ ನೋಡಿ, ಆಮೇಲೆ ಉಳಿದರ್ಧ ಹೇಳುವ ಆ ಲಯ ರಂಗದ ಮೇಲೆ ಪಳಗಿದ್ದು.

ನಾಟಕವನ್ನೇ ಇಡಿಯಾಗಿ ಕಿರುತೆರೆಗೆ ತಂದದ್ದಕ್ಕೆ ‘ಏಂಜೆಲ್ಸ್ ಇನ್ ಅಮೆರಿಕ’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಟೋನಿ ಕುಶ್ನರ್ ಅವರ ಈ ನಾಟಕದ ಎರಡು ಭಾಗಗಳು 1993 ಮತ್ತು 1994ರಲ್ಲಿ ಒಂದರ ಹಿಂದೊಂದು ಅತ್ಯುತ್ತಮ ನಾಟಕ ಪ್ರಶಸ್ತಿ ಪಡೆದವು. ಇದನ್ನು ಎರಡು ಗಂಟೆಯ ಸಿನಿಮಾಕ್ಕೆ ಇಳಿಸಿದ್ದರೆ ಮೂಳೆ ಮಾತ್ರ ಉಳಿಯುತ್ತಿತ್ತು. ಎಚ್‌ಬಿಒ 2003ರಲ್ಲಿ ಮೈಕ್ ನಿಕಲ್ಸ್ ಅವರ ನಿರ್ದೇಶನದಲ್ಲಿ ಸುಮಾರು ಆರು ಗಂಟೆಗಳ ಕಾಲಾವಕಾಶ ಕೊಟ್ಟಿತು. ಅಲ್ ಪಚಿನೋ, ಸ್ಟ್ರೀಪ್, ಎಮ್ಮಾ ಥಾಮ್ಸನ್ ಅವರಂಥ ತಾರೆಯರನ್ನು ಕರೆತಂದರೂ, ನರ್ಸ್ ಬೆಲೀಜ್ ಪಾತ್ರವನ್ನು ಮಾತ್ರ ರಂಗದಲ್ಲಿ ಅದನ್ನು ಮಾಡಿ ಟೋನಿ ಗೆದ್ದಿದ್ದ ಜೆಫ್ರಿ ರೈಟ್ ಅವರಿಗೇ ಕೊಟ್ಟರು. ಅದೇ ಪಾತ್ರಕ್ಕೆ ಅವರು ಎಮ್ಮಿಯನ್ನೂ ಪಡೆದರು. ಆಸ್ಪತ್ರೆಯ ಹಾಸಿಗೆಯಲ್ಲಿರುವ ಪ್ರಭಾವಿ ವಕೀಲ ರಾಯ್ ಕೋನ್‌ನ ಎದುರು ರೈಟ್ ನಿಲ್ಲುವ ದೃಶ್ಯಗಳಲ್ಲಿ ದ್ವೇಷ, ವೃತ್ತಿಧರ್ಮ, ಕನಿಕರ ಮೂರೂ ಒಟ್ಟಿಗೆ ಕಾಣುತ್ತವೆ. ಆ ಪಾತ್ರದೊಂದಿಗೆ ವರ್ಷಗಟ್ಟಲೆ ಬಾಳಿದ ನಟನಿಗಲ್ಲದೆ ಬೇರೆಯವರಿಗೆ ಅದು ಅಷ್ಟು ಸಲೀಸಾಗಿ ಒಲಿಯುವುದು ಕಷ್ಟ.

ನಿಮ್ಮ ಅಭಿಪ್ರಾಯಗಳನ್ನು ಓದಲು ಕಾದಿದ್ದೇನೆ.


ಚಿತ್ರರಸಿಕ, ಬೆಂಗಳೂರು

ಮೇಡಂ, ತುಂಬ ಶ್ರದ್ಧೆಯಿಂದ ಬರೆದಿದ್ದೀರಿ. ಆದರೆ ಸಿನಿಮಾಕ್ಕೆ ಅನ್ಯಾಯವಾಗಿದೆ ಎಂದೇ ನನ್ನ ಭಾವನೆ. ಟೋನಿ ಗುರುತಿಸದೆ ಹೋದದ್ದನ್ನು ಸಿನಿಮಾ ಎತ್ತಿ ಹಿಡಿದ ನಿದರ್ಶನಗಳೂ ಇವೆಯಲ್ಲ? ‘ಷಿಕಾಗೊ’ ಸಂಗೀತ ನಾಟಕ 1975ರಲ್ಲಿ ಬಂದಾಗ ‘ಎ ಕೋರಸ್ ಲೈನ್’ ಎದುರು ನಿಲ್ಲಲಾಗದೆ, 11 ನಾಮನಿರ್ದೇಶನಗಳಿದ್ದೂ ಒಂದೂ ಟೋನಿ ಗೆಲ್ಲಲಿಲ್ಲ. 1996ರ ಮರುಪ್ರಯೋಗ ಆ ನಾಟಕಕ್ಕೆ ಮರುಜೀವ ಕೊಟ್ಟಿತು ಎಂಬುದು ನಿಜ; ಆದರೆ ಜಗತ್ತಿನ ಮೂಲೆಮೂಲೆಗೆ ಅದನ್ನು ಮುಟ್ಟಿಸಿದ್ದು 2002ರ ಸಿನಿಮಾ, ಅದಕ್ಕೆ ಅತ್ಯುತ್ತಮ ಚಿತ್ರವೂ ಸೇರಿದಂತೆ ಆರು ಆಸ್ಕರ್‌ಗಳು ಬಂದವು. ‘ವೆಸ್ಟ್ ಸೈಡ್ ಸ್ಟೋರಿ’ ಕೂಡ 1958ರ ಟೋನಿಯಲ್ಲಿ ‘ದಿ ಮ್ಯೂಸಿಕ್ ಮ್ಯಾನ್’ ಎದುರು ಸೋತಿತು. 1961ರ ಸಿನಿಮಾ 10 ಆಸ್ಕರ್ ಗೆದ್ದಿತು. ಇವತ್ತು ಜನ ಹೆಚ್ಚು ನೆನೆಯುವುದು ಯಾವುದನ್ನು?

ಎರಡನೆಯ ಮಾತು, ರಂಗದ ನಟರನ್ನೇ ತೆರೆಗೆ ತಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದೂ ಪೂರ್ತಿ ಸತ್ಯವಲ್ಲ. ‘ಡಿಯರ್ ಇವಾನ್ ಹ್ಯಾನ್ಸನ್’ಗಾಗಿ ಬೆನ್ ಪ್ಲ್ಯಾಟ್ 2017ರಲ್ಲಿ ಟೋನಿ ಗೆದ್ದರು. 2021ರ ಸಿನಿಮಾದಲ್ಲೂ ಅವರೇ ಶಾಲಾ ಹುಡುಗನ ಪಾತ್ರ ಮಾಡಿದರು. ರಂಗದ ಮೇಲೆ ಕಣ್ಣೀರು ತರಿಸಿದ್ದ ಅದೇ ಅಭಿನಯ ಕ್ಯಾಮೆರಾದ ಮುಂದೆ ಅತಿಯಾಗಿ ಕಂಡಿತು, ವಯಸ್ಸೂ ಮರೆಯಾಗಲಿಲ್ಲ. ‘ದಿ ಪ್ರೊಡ್ಯೂಸರ್ಸ್’ 2001ರಲ್ಲಿ 12 ಟೋನಿ ಗೆದ್ದು ದಾಖಲೆ ಮಾಡಿತು. 2005ರಲ್ಲಿ ಅದೇ ನೇಥನ್ ಲೇನ್, ಅದೇ ಮ್ಯಾಥ್ಯೂ ಬ್ರಾಡರಿಕ್, ಅದೇ ನಿರ್ದೇಶಕಿ ಸೂಸನ್ ಸ್ಟ್ರೋಮನ್ ಸೇರಿ ಸಿನಿಮಾ ಮಾಡಿದರೂ ರಂಗದ ಆ ಸಡಗರ ತೆರೆಗೆ ಬರಲಿಲ್ಲ. ಮಾಧ್ಯಮ ಬೇರೆಯಾದಾಗ ನಟರೂ ಬೇರೆಯಾಗಬಹುದು ಎಂದು ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿದೆ?

ಇನ್ನು ‘ದಿ ಫಾದರ್’. ಮರೆವಿನ ಕಾಯಿಲೆಗೆ ಸಿಕ್ಕ ವೃದ್ಧನ ಈ ಪಾತ್ರಕ್ಕೆ ಫ್ರ್ಯಾಂಕ್ ಲ್ಯಾಂಜೆಲಾ 2016ರಲ್ಲಿ ಟೋನಿ ಗೆದ್ದರು, ಸಿನಿಮಾದಲ್ಲಿ ಆಂಟನಿ ಹಾಪ್ಕಿನ್ಸ್ ಆಸ್ಕರ್ ಗೆದ್ದರು. ರಂಗದ ಮೇಲೆ ದೃಶ್ಯದಿಂದ ದೃಶ್ಯಕ್ಕೆ ಪೀಠೋಪಕರಣಗಳು ಒಂದೊಂದಾಗಿ ಮಾಯವಾಗುತ್ತ ಹೋಗುತ್ತವೆ. ಸಿನಿಮಾದಲ್ಲಿ ಅದರ ಬದಲು ಅಡುಗೆಮನೆಯ ಗೋಡೆಯ ಬಣ್ಣ, ದೀಪ, ಪಡಸಾಲೆಯ ಚಿತ್ರಪಟ ನಮಗೆ ಅರಿವಾಗದಂತೆ ಬದಲಾಗುತ್ತವೆ. ಮುದುಕನಿಗೆ ಆದ ಗೊಂದಲ ನೋಡುವವರಿಗೂ ಆಗುತ್ತದೆ. ನಿರ್ದೇಶಕ ಫ್ಲೋರಿಯನ್ ಝೆಲ್ಲರ್ ತಮ್ಮದೇ ನಾಟಕವನ್ನು ಸಿನಿಮಾದ ಭಾಷೆಯಲ್ಲಿ ಹೊಸದಾಗಿ ಯೋಚಿಸಿದ್ದಾರೆ. ಇದನ್ನು ನಷ್ಟವೆಂದು ಹೇಗೆ ಕರೆಯುವುದು?


ರಂಗಾಸಕ್ತೆ, ನ್ಯೂಜೆರ್ಸಿ

ಸರ್, ‘ದಿ ಫಾದರ್’ ವಿಷಯದಲ್ಲಿ ನಿಮ್ಮೊಂದಿಗೆ ಸಂಪೂರ್ಣ ಸಹಮತವಿದೆ. ಅದು ಮಹತ್ವದ ಸಿನಿಮಾ. ಒಳ್ಳೆಯ ಸಿನಿಮಾ ಮಾಡಬೇಡಿರೆಂದು ನಾನು ಹೇಳುತ್ತಿಲ್ಲ. ಲ್ಯಾಂಜೆಲಾ ಅವರ ಅಭಿನಯವೂ ಹಾಪ್ಕಿನ್ಸ್ ಅವರ ಅಭಿನಯವೂ ಎರಡೂ ನಮಗೆ ಸಿಗಬೇಕಾಗಿತ್ತು ಎಂಬುದಷ್ಟೇ ನನ್ನ ಆಸೆ. ಇದೇ ಮಾತು ‘ಅಮಾಡಿಯಸ್’ಗೂ ಸಲ್ಲುತ್ತದೆ. ಮೊಝಾರ್ಟ್‌ನ ಮೇಲೆ ಅಸೂಯೆಪಡುವ ಸಂಗೀತಗಾರ ಸಾಲಿಯೇರಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆಸ್ಕರ್ ಗೆದ್ದ ಎಫ್. ಮರ್ರೆ ಅಬ್ರಹಾಂ, ಬ್ರಾಡ್‌ವೇಯಲ್ಲಿ ಆ ಪಾತ್ರಕ್ಕೆ 1981ರ ಟೋನಿ ಪಡೆದ ಇಯಾನ್ ಮೆಕೆಲನ್ ಅದನ್ನು ಹೇಗೆ ಮಾಡಿದ್ದರೆಂದು ಅಂದು ಸಭಾಂಗಣದಲ್ಲಿದ್ದವರನ್ನೇ ಕೇಳಬೇಕು.

ಬೆನ್ ಪ್ಲ್ಯಾಟ್ ಅವರ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ ಎಂದುಕೊಂಡಿದ್ದೇನೆ. ಅವರ ಅಭಿನಯವನ್ನು ಕಟ್ಟಿದ್ದು ಸುಮಾರು ಸಾವಿರ ಆಸನಗಳ ಸಭಾಂಗಣಕ್ಕಾಗಿ. ಹೆಗಲು ಮುದುಡಿಕೊಳ್ಳುವುದು, ಬೆರಳುಗಳು ಅಂಗಿಯ ಅಂಚನ್ನು ಹುಡುಕುವುದು, ಹಾಡಿನ ನಡುವೆ ಉಸಿರು ಸಿಕ್ಕಿಹಾಕಿಕೊಳ್ಳುವುದು ಎಲ್ಲವೂ ಬಾಲ್ಕನಿಯ ಕೊನೆಯ ಸಾಲಿನವರೆಗೆ ಹೋಗಬೇಕಿತ್ತು. ಅದೇ ಅಭಿನಯವನ್ನು ನಿಜವಾದ ಶಾಲೆಯ ನಿಜವಾದ ಓಣಿಯಲ್ಲಿ ನಿಲ್ಲಿಸಿ ಮುಖದ ಹತ್ತಿರಕ್ಕೆ ಕ್ಯಾಮೆರಾ ಒಯ್ದರೆ ಅದು ಹೊಂದಿಕೊಳ್ಳುವುದು ಹೇಗೆ? ರಂಗಮಂದಿರದಲ್ಲಿ, ಪ್ರೇಕ್ಷಕರ ಮುಂದೆ, ನಾಟಕ ನಡೆದ ಹಾಗೆಯೇ ಚಿತ್ರೀಕರಿಸಬೇಕಿತ್ತು.

‘ಹ್ಯಾಮಿಲ್ಟನ್’ ಸಂಗೀತ ನಾಟಕದ ತಂಡ ಮಾಡಿದ್ದು ಅದನ್ನೇ. 2016ರಲ್ಲಿ 16 ನಾಮನಿರ್ದೇಶನ ಪಡೆದು 11 ಟೋನಿ ಗೆದ್ದ ಅದೇ ಜೂನ್ ತಿಂಗಳಲ್ಲಿ, ಮೂಲ ಕಲಾವಿದರು ತಂಡ ಬಿಡುವ ಮುಂಚೆಯೇ, ರಿಚರ್ಡ್ ರಾಜರ್ಸ್ ರಂಗಮಂದಿರದಲ್ಲಿ ಅದನ್ನು ಚಿತ್ರೀಕರಿಸಿಟ್ಟರು. ಪ್ರೇಕ್ಷಕರಿದ್ದ ಪ್ರದರ್ಶನಗಳನ್ನೂ ತೆಗೆದರು, ಸಭಾಂಗಣ ಖಾಲಿಯಿದ್ದಾಗ ಕ್ಯಾಮೆರಾವನ್ನು ರಂಗದ ಮೇಲಕ್ಕೇ ಒಯ್ದು ಕೆಲವು ಹಾಡುಗಳನ್ನು ಹತ್ತಿರದಿಂದಲೂ ತೆಗೆದರು. ರಾಜನ ಪಾತ್ರದ ಜೊನಾಥನ್ ಗ್ರಾಫ್ ಹಾಡುವಾಗ ತುಟಿಯಿಂದ ಜೊಲ್ಲು ಇಳಿಯುವುದೂ ಕಾಣುತ್ತದೆ. ಅದನ್ನು ಅಳಿಸಲಿಲ್ಲ, ಅಳಿಸಬೇಕಾಗಿಯೂ ಇರಲಿಲ್ಲ. 2020ರ ಜುಲೈ 3ರಂದು ಅದು ಡಿಸ್ನಿ ಪ್ಲಸ್‌ನಲ್ಲಿ ಬಂದಾಗ ಬ್ರಾಡ್‌ವೇಯ ಎಲ್ಲ ರಂಗಮಂದಿರಗಳೂ ಬಾಗಿಲು ಹಾಕಿದ್ದವು. ಆ ದಿನಗಳಲ್ಲಿ ಅದು ನನ್ನಂಥವರಿಗೆ ಎಷ್ಟು ದೊಡ್ಡ ಆಸರೆಯಾಯಿತೆಂದು ಹೇಳಲಾರೆ.

ಒಂದು ಮಾತು ಸೇರಿಸುತ್ತೇನೆ. ಸಿನಿಮಾ, ರಂಗ, ಕಿರುತೆರೆ ಮೂರನ್ನೂ ಬಲ್ಲ ಒಬ್ಬನೇ ಕಲಾವಿದನ ಕೈಗೆ ಕೆಲಸ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಬಾಬ್ ಫಾಸಿ ಇದ್ದಾರೆ. 1973ರ ಒಂದೇ ವರ್ಷದಲ್ಲಿ ‘ಕ್ಯಾಬರೆ’ ಚಿತ್ರಕ್ಕೆ ಆಸ್ಕರ್, ‘ಪಿಪ್ಪಿನ್’ ನಾಟಕಕ್ಕೆ ಟೋನಿ, ಲೈಜಾ ಮಿನೆಲಿ ಅವರ ಕಿರುತೆರೆ ಕಾರ್ಯಕ್ರಮಕ್ಕೆ ಎಮ್ಮಿ ಪಡೆದವರು ಅವರು. ‘ಕ್ಯಾಬರೆ’ಯಲ್ಲಿ ಅವರು ರಂಗಕೃತಿಯನ್ನು ಧಾರಾಳವಾಗಿ ಬದಲಿಸಿದರು, ಹಾಡುಗಳನ್ನು ಹೆಚ್ಚುಕಡಿಮೆ ಕ್ಲಬ್ಬಿನ ಒಳಗಷ್ಟೇ ಉಳಿಸಿಕೊಂಡರು. ಹಾಗಿದ್ದೂ ಸೂತ್ರಧಾರನ ಪಾತ್ರದಲ್ಲಿ ಜೋಯಲ್ ಗ್ರೇ ಅವರೇ ಉಳಿದರು, ರಂಗದಲ್ಲಿ ಟೋನಿ ತಂದುಕೊಟ್ಟ ಪಾತ್ರಕ್ಕೇ ಆಸ್ಕರ್ ಕೂಡ ಪಡೆದರು. ಮಾಧ್ಯಮ ಬದಲಾದರೆ ನಟರೂ ಬದಲಾಗಲೇಬೇಕು ಎಂಬುದು ನಿಯಮವಲ್ಲ ಎನ್ನುವುದಕ್ಕೆ ಇಷ್ಟು ಸಾಕು.


ನೇಪಥ್ಯ, ಧಾರವಾಡ

ನಾನು ಹವ್ಯಾಸಿ ತಂಡಗಳಿಗೆ ಧ್ವನಿ ಮತ್ತು ಬೆಳಕಿನ ಕೆಲಸ ಮಾಡುವವನು. ಚರ್ಚೆ ನಟರ ಸುತ್ತಲೇ ಇರುವುದರಿಂದ, ರಂಗದ ಹಿಂದಿರುವವರ ಪರವಾಗಿ ಒಂದೆರಡು ಮಾತು ಹೇಳಬೇಕೆನಿಸಿತು.

ಟೋನಿಯವರು 2014ರಲ್ಲಿ ಧ್ವನಿ ವಿನ್ಯಾಸದ ಪ್ರಶಸ್ತಿಗಳನ್ನೇ ತೆಗೆದುಹಾಕಿದರು. ವಿನ್ಯಾಸಕಾರರು ಸಹಿ ಸಂಗ್ರಹಿಸಿ ಪ್ರತಿಭಟಿಸಿದ ಮೇಲೆ 2017-18ರ ಸಾಲಿನಿಂದ ಮತ್ತೆ ಕೊಡಲು ಆರಂಭಿಸಿದರು. ನಡುವಿನ ವರ್ಷಗಳಲ್ಲಿ ದುಡಿದವರಿಗೆ ಸಿಗಬೇಕಾದ ಮನ್ನಣೆ ಸಿಗದೇ ಹೋಯಿತು. ‘ಹ್ಯಾಮಿಲ್ಟನ್’ ಧ್ವನಿಯ ಕೆಲಸವೂ ಅದೇ ಅವಧಿಗೆ ಸೇರಿದ್ದು. ಅಷ್ಟು ವೇಗವಾಗಿ ಹರಿಯುವ ಮಾತಿನ ಪ್ರತಿ ಅಕ್ಷರವೂ ವಾದ್ಯಗಳ ನಡುವೆ ಮೇಲಿನ ಸಾಲಿಗೂ ಬಿಡಿಬಿಡಿಯಾಗಿ ಕೇಳಿಸಬೇಕಾದರೆ ಎಷ್ಟು ಕೆಲಸವಿದೆ ಎಂಬುದು ಮಿಕ್ಸರ್ ಮುಂದೆ ಕುಳಿತವನಿಗೆ ಮಾತ್ರ ಗೊತ್ತು.

2024ರಲ್ಲಿ ಅತ್ಯುತ್ತಮ ನಾಟಕವಾದ ‘ಸ್ಟೀರಿಯೊಫೋನಿಕ್’ ನೋಡಿ. 1970ರ ದಶಕದ ಸಂಗೀತ ತಂಡವೊಂದು ಆಲ್ಬಂ ಧ್ವನಿಮುದ್ರಿಸುವ ಕಥೆ ಅದು. ರಂಗದ ಮುಂಭಾಗದಲ್ಲಿ ಮಿಕ್ಸಿಂಗ್ ಕೊಠಡಿ, ಹಿಂಭಾಗದಲ್ಲಿ ಗಾಜಿನಾಚೆ ಹಾಡುವ ಕೊಠಡಿ. ಗುಂಡಿ ಒತ್ತಿದರೆ ಆಚೆಯ ಮಾತು ಈಚೆ ಕೇಳಿಸುತ್ತದೆ, ಬಿಟ್ಟರೆ ತುಟಿ ಅಲುಗುವುದಷ್ಟೇ ಕಾಣುತ್ತದೆ. ಗೆಳೆತನ, ದಾಂಪತ್ಯ ಒಡೆಯುವುದು ಆ ಗಾಜಿನ ಎರಡು ಬದಿಗಳಲ್ಲಿ. ಒಂದು ಭಾಗದ ಕಥೆಯನ್ನೇ ಧ್ವನಿ ಹೇಳುತ್ತದೆ ಎನ್ನಬಹುದು. ನಾಟಕಗಳ ಪೈಕಿ ದಾಖಲೆಯಾದ 13 ನಾಮನಿರ್ದೇಶನಗಳಲ್ಲಿ ಅದು ಐದನ್ನು ಗೆದ್ದಿತು, ಅದರಲ್ಲಿ ಧ್ವನಿ ವಿನ್ಯಾಸವೂ ಒಂದು. ಆ ಪ್ರಶಸ್ತಿ ವಿಭಾಗ ಮರಳಿ ಬಾರದೇ ಇದ್ದಿದ್ದರೆ ಇಂಥ ನಾಟಕದ ಎದುರು ಟೋನಿಯವರು ಏನು ಹೇಳಬೇಕಾಗುತ್ತಿತ್ತು?

ಇಷ್ಟಾದರೂ ತಾಂತ್ರಿಕ ಪ್ರಶಸ್ತಿಗಳನ್ನು ಈಗ ಮುಖ್ಯ ಪ್ರಸಾರಕ್ಕೆ ಮುಂಚಿನ ಪ್ರತ್ಯೇಕ ಕಾರ್ಯಕ್ರಮದಲ್ಲಿ ಮುಗಿಸುತ್ತಾರೆ. ಸಿಬಿಎಸ್‌ನಲ್ಲಿ ನೋಡುವವರಿಗೆ ಆ ಭಾಷಣಗಳು ಇಡಿಯಾಗಿ ಸಿಗುವುದಿಲ್ಲ. ಕಿರುತೆರೆ ರಂಗಭೂಮಿಯ ಹತ್ತಿರದ ಬಂಧು ಎಂಬಂತೆ ಮೇಡಂ ಬರೆದಿದ್ದಾರೆ. ಆ ಬಂಧುವೇ ಮನೆಯ ಅರ್ಧ ಜನರನ್ನು ಪಂಕ್ತಿಯಿಂದ ಎಬ್ಬಿಸಿದರೆ ಹೇಗೆ?


ಉತ್ತರದ ಓದುಗ, ಮಿನಿಯಾಪೊಲಿಸ್

ನನ್ನ ಆಕ್ಷೇಪಣೆ ಇನ್ನೂ ಮೂಲದ್ದು. ಟೋನಿಗೆ ಅರ್ಹವಾಗುವುದು ಮ್ಯಾನ್‌ಹಟನ್‌ನ 41 ಬ್ರಾಡ್‌ವೇ ರಂಗಮಂದಿರಗಳ ಪ್ರದರ್ಶನಗಳು ಮಾತ್ರ. ಕನಿಷ್ಠ 500 ಆಸನಗಳಿರಬೇಕು. ಅಮೆರಿಕದ ಉಳಿದ ಊರುಗಳಲ್ಲಿ ಎಂಥ ನಾಟಕ ನಡೆದರೂ ಅದು ಆ ಬೀದಿಗೆ ಬರುವವರೆಗೆ ಲೆಕ್ಕಕ್ಕಿಲ್ಲ. 2025ರ ಅತ್ಯುತ್ತಮ ನಾಟಕ ‘ಪರ್ಪಸ್’ ಮೊದಲು ನಡೆದದ್ದು ಷಿಕಾಗೊದ ಸ್ಟೆಪನ್‌ವುಲ್ಫ್ ರಂಗಮಂದಿರದಲ್ಲಿ, ಅತ್ಯುತ್ತಮ ಸಂಗೀತ ನಾಟಕ ‘ಮೇಬಿ ಹ್ಯಾಪಿ ಎಂಡಿಂಗ್’ 2016ರಲ್ಲಿ ಸೋಲ್ ನಗರದಲ್ಲಿ ಕೊರಿಯನ್ ಭಾಷೆಯಲ್ಲಿ. ಬೆಳೆ ಬೇರೆ ಕಡೆ, ಸುಗ್ಗಿ ಇಲ್ಲಿ.

ಬ್ರಾಡ್‌ವೇಯ ಹೊರಗಿನ ರಂಗಮಂದಿರಕ್ಕೆಂದು ವರ್ಷಕ್ಕೊಂದು ಪ್ರಾದೇಶಿಕ ಟೋನಿ ಕೊಡುತ್ತಾರೆ, ನಿಜ. ನಮ್ಮೂರಿನ ಗಥ್ರಿ ರಂಗಮಂದಿರಕ್ಕೆ ಅದು 1982ರಲ್ಲಿ ಬಂತು. ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿಯೊಂದು ಇಲ್ಲಿದೆ. ಇದೇ ಗಥ್ರಿಯಲ್ಲಿ 1993ರಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ ಇಂಗ್ಲಿಷಿನಲ್ಲಿ ಪ್ರದರ್ಶನಗೊಂಡಿತು. ‘ಅಗ್ನಿ ಮತ್ತು ಮಳೆ’ ನಾಟಕಕ್ಕೂ ಈ ಸಂಸ್ಥೆಯ ಕೋರಿಕೆಯ ನಂಟಿದೆ. ಅಮೆರಿಕದ ವೃತ್ತಿಪರ ರಂಗದ ಮೇಲೆ ಕನ್ನಡದ ಕಥೆ ಎದ್ದುನಿಂತ ಆ ಪ್ರಯೋಗ ಟೋನಿಯ ಪರಿಗಣನೆಗೆ ಬರುವ ದಾರಿಯೇ ಇರಲಿಲ್ಲ. ಆದ್ದರಿಂದ ಟೋನಿಯನ್ನು ಅಮೆರಿಕದ ರಂಗಭೂಮಿಯ ಪ್ರಶಸ್ತಿ ಎನ್ನುವುದು ನನಗೆ ಸರಿಕಾಣುವುದಿಲ್ಲ. ಅದು ಒಂದು ಬಡಾವಣೆಯ ಪ್ರಶಸ್ತಿ, ಆ ಬಡಾವಣೆ ಎಷ್ಟೇ ದೊಡ್ಡದಿರಲಿ.


ಕನ್ನಡ ಮೇಷ್ಟ್ರು, ಮೈಸೂರು

ನಾವು ನ್ಯೂಯಾರ್ಕಿಗೆ ಹೋಗಿ ನಾಟಕ ನೋಡುವವರಲ್ಲ. ಟೋನಿ ಸಮಾರಂಭ ಅಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಶುರುವಾದರೆ ನಮಗೆ ಸೋಮವಾರ ಬೆಳಗಿನ ಐದೂವರೆ. ಆಮೇಲೆ ಯೂಟ್ಯೂಬ್‌ನಲ್ಲಿ ಬರುವ ಹಾಡಿನ ತುಣುಕುಗಳೇ ನಮ್ಮ ಪಾಲಿಗೆ ಬ್ರಾಡ್‌ವೇ. ಆದ್ದರಿಂದ ಒಂದು ಪ್ರಶ್ನೆ. ಸಮಾರಂಭದಲ್ಲಿ ಸಂಗೀತ ನಾಟಕಗಳಿಗೆ ಪೂರ್ತಿ ಒಂದು ಹಾಡಿನ ಅವಕಾಶವಿರುತ್ತದೆ, ಮಾತಿನ ನಾಟಕಗಳಿಗೆ ಕೆಲವೇ ಕ್ಷಣಗಳು. ಪ್ರಶಸ್ತಿ ಗೆದ್ದ ನಾಟಕದ ಐದು ನಿಮಿಷದ ದೃಶ್ಯವನ್ನಾದರೂ ಯಾಕೆ ತೋರಿಸಬಾರದು? ಇನ್ನೊಂದು, ಪೂರ್ಣ ನಾಟಕಗಳನ್ನು ಚಿತ್ರೀಕರಿಸಿ ಕೊಡಲು ಅವರಿಗಿರುವ ಅಡ್ಡಿಯಾದರೂ ಏನು? 2025ರಲ್ಲಿ ಜಾರ್ಜ್ ಕ್ಲೂನಿಯವರ ನಾಟಕವನ್ನು ಸಿಎನ್‌ಎನ್ ನೇರ ಪ್ರಸಾರ ಮಾಡಿತಲ್ಲ, ಉಳಿದವರಿಗೆ ಅದೇಕೆ ಸಾಧ್ಯವಿಲ್ಲ?


ರಂಗಾಸಕ್ತೆ, ನ್ಯೂಜೆರ್ಸಿ

ಮೇಷ್ಟ್ರೇ, ನಿಮ್ಮ ಪ್ರಶ್ನೆ ಈ ಚರ್ಚೆಯ ನಡುಬಿಂದು. ಕ್ಲೂನಿಯವರ ‘ಗುಡ್ ನೈಟ್, ಅಂಡ್ ಗುಡ್ ಲಕ್’ 2005ರ ಸಿನಿಮಾ, 2025ರಲ್ಲಿ ವಿಂಟರ್ ಗಾರ್ಡನ್ ರಂಗಮಂದಿರದ ನಾಟಕ, ಜೂನ್ 7ರಂದು ಸಿಎನ್‌ಎನ್ ಮೂಲಕ ಕಿರುತೆರೆಯ ನೇರ ಪ್ರಸಾರ. ಟೋನಿ ಸಮಾರಂಭದ ಹಿಂದಿನ ರಾತ್ರಿ ಜಗತ್ತಿನ ಯಾವುದೇ ಊರಿನವರು ಬ್ರಾಡ್‌ವೇ ನಾಟಕವೊಂದನ್ನು ನಡೆಯುತ್ತಿರುವಾಗಲೇ ನೋಡಬಹುದಾಯಿತು. ಇದು ಆಗಬಹುದಾದ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದಲೂ ತನ್ನ ನಾಟಕಗಳನ್ನು ಚಿತ್ರಮಂದಿರಗಳಿಗೆ ಕಳಿಸುತ್ತಿದೆ. ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರದಲ್ಲೂ ಅವು ತೆರೆಕಂಡಿವೆ.

ಬ್ರಾಡ್‌ವೇಯಲ್ಲಿ ಎರಡು ಅಡ್ಡಿಗಳಿವೆ. ಮೊದಲನೆಯದು ಹಣ. ಚಿತ್ರೀಕರಣವೆಂದರೆ ನಟರು, ವಾದ್ಯಗಾರರು, ರಂಗಕರ್ಮಚಾರಿಗಳು, ವಿನ್ಯಾಸಕಾರರು, ನಾಟಕಕಾರರು ಎಲ್ಲರೊಂದಿಗೂ ಪ್ರತ್ಯೇಕ ಒಪ್ಪಂದವಾಗಬೇಕು, ಎಲ್ಲರಿಗೂ ಸಂಭಾವನೆ ಸಲ್ಲಬೇಕು. ಅದು ನ್ಯಾಯವಾದ ಬೇಡಿಕೆ, ಸಂಘಗಳು ಅದನ್ನು ಬಿಟ್ಟುಕೊಡಬೇಕೆಂದು ನಾನೆಂದೂ ಹೇಳುವುದಿಲ್ಲ. ಎರಡನೆಯದು ಭಯ, ತೆರೆಯ ಮೇಲೆ ಸಿಕ್ಕಿದರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ನಿರ್ಮಾಪಕರ ಭಯ. ಈ ಭಯಕ್ಕೆ ಆಧಾರವಿಲ್ಲವೆಂದು ಅನುಭವವೇ ತೋರಿಸಿದೆ. ‘ಹ್ಯಾಮಿಲ್ಟನ್’ ಚಿತ್ರಿಕೆ ಎಲ್ಲರ ಕೈಗೆ ಸಿಕ್ಕಿ ವರ್ಷಗಳಾದರೂ ನಾಟಕ ನಡೆಯುತ್ತಲೇ ಇದೆ. ‘ವಿಕೆಡ್’ 2004ರ ಟೋನಿಯಲ್ಲಿ ‘ಅವೆನ್ಯೂ ಕ್ಯೂ’ ಎದುರು ಅತ್ಯುತ್ತಮ ಸಂಗೀತ ನಾಟಕ ಪ್ರಶಸ್ತಿಯನ್ನು ಕಳೆದುಕೊಂಡಿತ್ತು. 2024ರ ನವೆಂಬರಿನಲ್ಲಿ ಸಿನಿಮಾ ಬಂದ ಮೇಲೆ, ಆ ಡಿಸೆಂಬರಿನ ಕೊನೆಯ ವಾರ ಬ್ರಾಡ್‌ವೇಯಲ್ಲಿ ಅದರ ಗಳಿಕೆ 50 ಲಕ್ಷ ಡಾಲರ್ ದಾಟಿತು. ಬ್ರಾಡ್‌ವೇಯ ಯಾವ ಪ್ರದರ್ಶನವೂ ಅದಕ್ಕೆ ಮುಂಚೆ ಒಂದು ವಾರದಲ್ಲಿ ಅಷ್ಟು ಗಳಿಸಿರಲಿಲ್ಲ. ತೆರೆಯ ಮೇಲೆ ನೋಡಿದವರು ರಂಗಮಂದಿರ ಹುಡುಕಿಕೊಂಡು ಬರುತ್ತಾರೆ.

ಮಿನಿಯಾಪೊಲಿಸ್‌ನ ಸರ್ ಹೇಳಿದ್ದು ಸತ್ಯ, ಟೋನಿಯ ಎಲ್ಲೆ ಬಹಳ ಚಿಕ್ಕದು. ಆದರೆ ಮತದಾರರ ವಿವೇಕದ ಬಗ್ಗೆ ನನಗೆ ಗೌರವವಿದೆ. 2025ರಲ್ಲಿ ಡೆನ್ಜೆಲ್ ವಾಷಿಂಗ್ಟನ್, ಜೇಕ್ ಜಿಲನ್‌ಹಾಲ್ ಅವರ ‘ಒಥೆಲೊ’ದ ಟಿಕೆಟ್ 921 ಡಾಲರ್‌ಗಳವರೆಗೂ ಹೋಯಿತು, ಅದಕ್ಕೆ ಒಂದೂ ನಾಮನಿರ್ದೇಶನ ಬರಲಿಲ್ಲ. ಗೆದ್ದದ್ದು ‘ಮೇಬಿ ಹ್ಯಾಪಿ ಎಂಡಿಂಗ್’. ಹೆಸರಾಂತ ಕಥೆಯಿಲ್ಲ, ಹಳೆಯ ಸಿನಿಮಾದ ಆಸರೆಯಿಲ್ಲ, ಹಳತಾಗಿ ಮೂಲೆಗೆ ಬಿದ್ದ ಎರಡು ರೋಬಾಟ್‌ಗಳು ಒಬ್ಬರನ್ನೊಬ್ಬರು ಹಚ್ಚಿಕೊಳ್ಳುವ ಕಥೆ. ಬೆಲಾಸ್ಕೊ ರಂಗಮಂದಿರದಲ್ಲಿ ಆರಂಭದಲ್ಲಿ ಆಸನಗಳು ತುಂಬುತ್ತಿರಲಿಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿ ಅದನ್ನು ಉಳಿಸಿದರು. ಆರು ಟೋನಿ ಪಡೆಯಿತು. ಮುಖ್ಯ ಪಾತ್ರಕ್ಕೆ ಟೋನಿ ಪಡೆದ ಡ್ಯಾರೆನ್ ಕ್ರಿಸ್ ಅವರಿಗೆ ಮೊದಲು ಹೆಸರು ತಂದದ್ದು ‘ಗ್ಲೀ’ ಧಾರಾವಾಹಿ. ಅದೇ ರಾತ್ರಿ, 26 ಪಾತ್ರಗಳನ್ನು ಒಬ್ಬರೇ ನಿರ್ವಹಿಸಿ ಅತ್ಯುತ್ತಮ ನಟಿಯಾದ ಸಾರಾ ಸ್ನೂಕ್ ಅವರನ್ನು ನಾವು ಮೊದಲು ಕಂಡದ್ದೂ ‘ಸಕ್ಸೆಷನ್’ ಧಾರಾವಾಹಿಯಲ್ಲಿ. ಕಿರುತೆರೆಯಿಂದ ರಂಗಕ್ಕೂ ದಾರಿ ಇದೆ ಎಂಬುದಕ್ಕಾಗಿ ಇವರನ್ನು ಹೆಸರಿಸಿದೆ.

ಧಾರವಾಡದ ಸರ್, ಪ್ರಸಾರದ ಬಗ್ಗೆ ನಿಮ್ಮ ನೋವು ನನ್ನದೂ ಹೌದು. ಹಾಡು ಕಟ್ಟಿದವರು, ಬೆಳಕು ಹಾಕಿದವರು, ಧ್ವನಿ ಹೊಂದಿಸಿದವರು ಮುಖ್ಯ ಕಾರ್ಯಕ್ರಮದಲ್ಲೇ ವೇದಿಕೆಗೆ ಬರಬೇಕು. ನಿರೂಪಕರ ಹಾಸ್ಯಪ್ರಸಂಗಗಳನ್ನು ಕಡಿಮೆ ಮಾಡಿದರೆ ಅಷ್ಟು ಸಮಯ ಖಂಡಿತ ಸಿಗುತ್ತದೆ.


ನೇಪಥ್ಯ, ಧಾರವಾಡ

ಧನ್ಯವಾದ ಮೇಡಂ. ಚೆರ್ರಿ ಜೋನ್ಸ್ ಅವರ ‘ಡೌಟ್’ ನೋಡುಗರಿಗೆ ಸಿಗುವುದಿಲ್ಲ ಎಂದು ಬರೆದಿದ್ದೀರಿ. ನ್ಯೂಯಾರ್ಕಿನ ಗ್ರಂಥಾಲಯವೊಂದರಲ್ಲಿ ಬ್ರಾಡ್‌ವೇ ನಾಟಕಗಳ ವಿಡಿಯೊ ಸಂಗ್ರಹವಿದೆ ಎಂದು ಕೇಳಿದ್ದೆ. ಅಲ್ಲಿ ಎಲ್ಲರಿಗೂ ಪ್ರವೇಶವಿದೆಯೇ?


ರಂಗಾಸಕ್ತೆ, ನ್ಯೂಜೆರ್ಸಿ

ಇದೆ ಸರ್. ಲಿಂಕನ್ ಸೆಂಟರ್‌ನಲ್ಲಿರುವ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪ್ರದರ್ಶನ ಕಲೆಗಳ ಶಾಖೆಯಲ್ಲಿ ಆ ಸಂಗ್ರಹವಿದೆ. ಬೆಟ್ಟಿ ಕಾರ್ವಿನ್ ಎಂಬ ಮಹಿಳೆ 1970ರಲ್ಲಿ ಅದನ್ನು ಕಟ್ಟಲು ಆರಂಭಿಸಿದರು. ಒಂದೊಂದು ಸಂಘದ ಬಾಗಿಲು ತಟ್ಟಿ ಒಪ್ಪಿಗೆ ಪಡೆದರು. ಆ ಒಪ್ಪಿಗೆಯ ಷರತ್ತಿನಿಂದಾಗಿಯೇ ಅಲ್ಲಿನ ಚಿತ್ರಿಕೆಗಳು ಹೊರಗೆ ಹೋಗುವಂತಿಲ್ಲ, ಪ್ರತಿ ಮಾಡುವಂತಿಲ್ಲ. ಗ್ರಂಥಾಲಯದ ಕಾರ್ಡ್ ಮಾಡಿಸಿ, ಅಧ್ಯಯನದ ಉದ್ದೇಶ ತಿಳಿಸಿ, ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಅಲ್ಲೇ ಕುಳಿತು ಹೆಡ್‌ಫೋನ್ ಹಾಕಿಕೊಂಡು ನೋಡಬೇಕು. ಕಾರ್ವಿನ್ ಅವರಿಗೂ ಈ ಸಂಗ್ರಹಕ್ಕೂ 2001ರಲ್ಲಿ ಟೋನಿ ಗೌರವ ಸಂದಿತು. ಆ ಬಹುಮಾನ ಅಭಿನಯದ ಎಷ್ಟೋ ಪ್ರಶಸ್ತಿಗಳಿಗಿಂತ ತೂಕದ್ದೆಂದು ನಾನು ಎಣಿಸುತ್ತೇನೆ.

ಹೀಗಿರುವಾಗ ನನ್ನ ಬೇಡಿಕೆ ಇಷ್ಟೇ. ಪ್ರತಿ ವರ್ಷ ಟೋನಿ ಗೆದ್ದ ನಾಟಕ ಮತ್ತು ಸಂಗೀತ ನಾಟಕಗಳನ್ನು ಮೂಲ ಕಲಾವಿದರಿರುವಾಗಲೇ ಚಿತ್ರೀಕರಿಸುವುದನ್ನು ಕಡ್ಡಾಯ ಮಾಡಬೇಕು. ಬ್ರಾಡ್‌ವೇ ಪ್ರದರ್ಶನ ಮುಗಿದು ಹತ್ತು ವರ್ಷ ಕಳೆದ ಮೇಲೆ, ಎಲ್ಲ ಕಲಾವಿದರಿಗೂ ತಂತ್ರಜ್ಞರಿಗೂ ಸಲ್ಲಬೇಕಾದ ಹಣ ಸಲ್ಲಿಸಿ, ಸಾರ್ವಜನಿಕ ವಾಹಿನಿಯಾದ ಪಿಬಿಎಸ್‌ನಲ್ಲಿ ಪ್ರಸಾರ ಮಾಡಬೇಕು. ಪ್ರಶಸ್ತಿಯನ್ನು ನಡೆಸುವ ಅಮೆರಿಕನ್ ಥಿಯೇಟರ್ ವಿಂಗ್ ಮತ್ತು ಬ್ರಾಡ್‌ವೇ ಲೀಗ್ ಎರಡೂ ಸಂಸ್ಥೆಗಳು ಮನಸ್ಸು ಮಾಡಿದರೆ ಇದಕ್ಕೆ ಚೌಕಟ್ಟು ಹಾಕಬಹುದು. ಮುಂದಿನ ವಾರ ಅವರಿಗೆ ಪತ್ರ ಬರೆಯಲಿದ್ದೇನೆ. ಧ್ವನಿ ವಿನ್ಯಾಸದ ವಿಭಾಗವನ್ನು ಮರಳಿ ತಂದದ್ದು ಸಹಿ ಸಂಗ್ರಹವೇ ಆದ್ದರಿಂದ, ಪತ್ರಕ್ಕೆ ಹೆಸರು ಸೇರಿಸಲು ಇಷ್ಟವಿರುವವರು ಇಲ್ಲಿ ತಿಳಿಸಿ.


ಕನ್ನಡ ಮೇಷ್ಟ್ರು, ಮೈಸೂರು

ನನ್ನ ಹೆಸರನ್ನು ಸೇರಿಸಿಕೊಳ್ಳಿ. ಮಾತಿನ ನಾಟಕಗಳಿಗೆ ಸಮಾರಂಭದಲ್ಲಿ ಐದು ನಿಮಿಷ ಕೊಡಬೇಕೆಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.


ಚಿತ್ರರಸಿಕ, ಬೆಂಗಳೂರು

ಸಿನಿಮಾ ವಿಷಯದಲ್ಲಿ ನಮ್ಮ ಭಿನ್ನಾಭಿಪ್ರಾಯ ಹಾಗೆಯೇ ಇರಲಿ ಮೇಡಂ, ‘ಷಿಕಾಗೊ’ ಬಗ್ಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಲ್ಯಾಂಜೆಲಾ ಅವರ ‘ದಿ ಫಾದರ್’ ನೋಡುವ ಅವಕಾಶ ಸಿಗುವುದಾದರೆ ನನ್ನದೂ ಒಂದು ಸಹಿ.